ಹೆಪ್ಪನ್ನೇ ಚೆಲ್ಲಿದರೆ ಹೇಗೆ?

ಮೊಸರಿಗೆ ಹೆಪ್ಪು ಹಾಕೋದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಿನ್ನೆಯ ಮೊಸರಲ್ಲಿ ಒಂದು ಚಮಚ ಉಳಿಸಿಕೊಂಡು ಇವತ್ತಿನ ಹಾಲಿಗೆ ಬಿಟ್ಟರೆ ಬೆಳಗಾಗೋದರೊಳಗೆ ಮೊಸರು ಸಿದ್ಧ. ಹೆಪ್ಪಿಲ್ಲದೆ ಹಾಲನ್ನು ಹಾಗೇ ಬಿಟ್ಟರೂ ಅದು ಏನೋ ಒಂದು ಆಗುತ್ತೆ, ಆದರೆ ಎಷ್ಟು ಹೊತ್ತಿಗೆ, ಏನಾಗುತ್ತೆ ಅನ್ನೋದು ದೇವರಿಗೇ ಗೊತ್ತು. ಕೊಳಚೆ ನೀರನ್ನು ಶುದ್ಧ ಮಾಡುವ ವಿದ್ಯೆ ನಿಂತಿರುವುದೂ ಇದೇ ಉಪಾಯದ ಮೇಲೆ.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಒಂದು ಸರಳ ಪ್ರಯೋಗವನ್ನು ಲೋಕದ ಮುಂದಿಟ್ಟರು. ಬಾಟಲಿಯಲ್ಲಿ ಕೊಳಚೆ ನೀರು ತುಂಬಿ ಗಾಳಿ ಊದಿದರು. ಅಮೋನಿಯಾ ಪೂರ್ತಿ ನೈಟ್ರೇಟ್ ಆಗೋಕೆ ಸುಮಾರು ಐದು ವಾರ ಹಿಡಿಯಿತು. ಆಮೇಲೆ ಮೇಲಿನ ತಿಳಿನೀರನ್ನಷ್ಟೇ ಬಸಿದು, ತಳದ ಕೆಸರನ್ನು ಅಲ್ಲೇ ಬಿಟ್ಟು, ಹೊಸ ಕೊಳಚೆ ನೀರು ಹೊಯ್ದರು. ಹೀಗೆ ಮತ್ತೆ ಮತ್ತೆ ಮಾಡುತ್ತಾ ಹೋದಾಗ ಐದು ವಾರದ ಕೆಲಸ ಒಂದು ದಿನಕ್ಕೆ ಇಳಿಯಿತು. ಅಲ್ಲಿಯವರೆಗೆ ಎಲ್ಲರೂ ಚೆಲ್ಲುತ್ತಿದ್ದ ಆ ಕೆಸರಿಗೆ ಅವರು ‘ಆಕ್ಟಿವೇಟೆಡ್ ಸ್ಲಡ್ಜ್’ ಅಂತ ಹೆಸರಿಟ್ಟರು. ಅವರನ್ನು ಈ ದಾರಿಗೆ ಹಚ್ಚಿದ ಗಿಲ್ಬರ್ಟ್ ಫೌಲರ್ ಎರಡೇ ವರ್ಷದಲ್ಲಿ, ಅಂದರೆ 1916ರಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಪ್ರೊಫೆಸರ್ ಆಗಿ ಬಂದರು. ಈ ವಿದ್ಯೆ ನಮ್ಮೂರಿಗೆ ಬಂದು ನೂರು ವರ್ಷ ದಾಟಿದೆ ಅನ್ನೋದನ್ನು ಸಿಲೆಬಸ್ ಪುಸ್ತಕಗಳು ಯಾಕೋ ಹೇಳುವುದಿಲ್ಲ.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಹಾಸ್ಟೆಲ್ ಹಿಂದೆ, ಯಾರೂ ಕಾಲಿಡದ ಮೂಲೆಯಲ್ಲಿ, ಹಗಲೂ ರಾತ್ರಿ ಗುಂಯ್ ಅನ್ನೋ ಬ್ಲೋವರ್ ಸದ್ದಿನ ಒಂದು ಕಟ್ಟಡ ಇದೆಯಲ್ಲ, ಅದೇ ಎಸ್‌ಟಿಪಿ. ಅಪಾರ್ಟ್‌ಮೆಂಟ್, ಆಸ್ಪತ್ರೆ, ಕಾಲೇಜು, ಎಲ್ಲಿ ಹೋದರೂ ಇದೇ ಮಾದರಿ. ಏರೇಷನ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಕೊಳೆ ತಿಂದು ಬೆಳೆಯುತ್ತವೆ, ಪಕ್ಕದ ಟ್ಯಾಂಕಿನಲ್ಲಿ ಕೆಸರು ತಳ ಸೇರುತ್ತದೆ, ಅದರಲ್ಲಿ ಒಂದು ಪಾಲು ಹೆಪ್ಪಾಗಿ ವಾಪಸ್ ಬರುತ್ತದೆ, ಹೆಚ್ಚಾಗಿದ್ದು ಫಿಲ್ಟರ್ ಪ್ರೆಸ್ಸಿಗೆ. ಬಿಓಡಿ ಇಳಿದಿರುತ್ತೆ, ನೀರು ತಿಳಿಯಾಗಿರುತ್ತೆ, ರಿಪೋರ್ಟ್‌ಗೆ ಸಹಿ ಬೀಳುತ್ತೆ. ಎಲ್ಲಾ ಸರಿ ಹೋಯ್ತು ಅಂತ ಎಲ್ಲರೂ ಸುಮ್ಮನಾಗ್ತಾರೆ.

ನಮ್ಮ ತಕರಾರು ಇರೋದು ಇಲ್ಲೇ. ತಿಳಿಯಾದ ನೀರಲ್ಲಿ ಏನು ಉಳಿದಿದೆ ಅಂತ ಯಾರೂ ಕೇಳ್ತಿಲ್ಲ. ಉಳಿದಿರೋದು ಸಾರಜನಕ ಮತ್ತು ರಂಜಕ, ಅಂದ್ರೆ ನೈಟ್ರೋಜನ್ ಮತ್ತು ಫಾಸ್ಫರಸ್. ಇವು ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ, ಬಿಓಡಿ ಟೆಸ್ಟಿನಲ್ಲಿ ಸಿಕ್ಕಿಬೀಳಲ್ಲ. ಗದ್ದೆಗೆ ಹೋದರೆ ಗೊಬ್ಬರ, ಕೆರೆಗೆ ಹೋದರೆ ಕಳೆ. ಬೆಳ್ಳಂದೂರು ಕೆರೆ 2015ರಲ್ಲಿ ಹೊತ್ತಿ ಉರಿದಾಗ, 2018ರ ಜನವರಿಯಲ್ಲಿ ಮತ್ತೆ ಉರಿದಾಗ ನಾವೆಲ್ಲ ನೊರೆಯ ಫೋಟೋ ಫಾರ್ವರ್ಡ್ ಮಾಡಿದೆವು. ಕೆರೆ ಮುಚ್ಚುವಷ್ಟು ಕಳೆ ಅಲ್ಲಿ ಹೇಗೆ ಬೆಳೆಯಿತು, ಅದಕ್ಕೆ ಉಣಿಸಿದವರು ಯಾರು ಅನ್ನೋ ಪ್ರಶ್ನೆ ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಇರಲಿಲ್ಲ. ಉಣಿಸಿದ್ದು ನಮ್ಮ ಬಚ್ಚಲು, ನಮ್ಮ ಟಾಯ್ಲೆಟ್ಟು.

ಒಬ್ಬ ವಿದ್ಯಾರ್ಥಿಯ ಲೆಕ್ಕ ಹಾಕಿ ನೋಡೋಣ, ಕ್ಯಾಲ್ಕುಲೇಟರ್ ಕೂಡ ಬೇಕಾಗಲ್ಲ. ಡಿಸೈನ್ ಪುಸ್ತಕದ ಪ್ರಕಾರ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, 45 ಗ್ರಾಂ ಬಿಓಡಿ. ಜೊತೆಗೆ ಹೆಚ್ಚುಕಮ್ಮಿ 10 ಗ್ರಾಂ ಸಾರಜನಕ, 1.5 ಗ್ರಾಂ ರಂಜಕ ಅಂತ ಇಟ್ಟುಕೊಳ್ಳಿ. ತಿಂದ ಬಿಓಡಿಯ ಅರ್ಧದಷ್ಟು ಹೊಸ ಬ್ಯಾಕ್ಟೀರಿಯಾ ಆಗುತ್ತೆ ಅಂದ್ರೆ 22.5 ಗ್ರಾಂ ಕೆಸರು. ಸಾಮಾನ್ಯ ಬ್ಯಾಕ್ಟೀರಿಯಾದ ತೂಕದಲ್ಲಿ ಸಾರಜನಕ ಶೇ. 12, ರಂಜಕ ಶೇ. 2. ಹಾಗಾಗಿ ಹೆಚ್ಚಾದ ಕೆಸರಿನ ಜೊತೆ ಹೊರಗೆ ಹೋಗೋದು 2.7 ಗ್ರಾಂ ಸಾರಜನಕ ಮತ್ತು 0.45 ಗ್ರಾಂ ರಂಜಕ. ಮಿಕ್ಕಿದ್ದೆಲ್ಲ ನೀರಲ್ಲೇ. ಪ್ರತಿ ಲೀಟರಿಗೆ 54 ಮಿಲಿಗ್ರಾಂ ಸಾರಜನಕ, ಸುಮಾರು 8 ಮಿಲಿಗ್ರಾಂ ರಂಜಕ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ ಆದೇಶದಲ್ಲಿ ಹೇಳಿದ್ದು ಸಾರಜನಕ 10, ಕೆರೆಗೆ ಬಿಡೋದಾದ್ರೆ ರಂಜಕ 1. ಅದಕ್ಕೆ ಮೊದಲು ಬಂದ 2017ರ ಕೇಂದ್ರ ಅಧಿಸೂಚನೆಯಲ್ಲಂತೂ ಈ ಎರಡರ ಸುದ್ದಿಯೇ ಇರಲಿಲ್ಲ. ಅಳೆಯೋಕೆ ಹೇಳದೇ ಇದ್ದದ್ದನ್ನು ನಮ್ಮ ದೇಶದಲ್ಲಿ ಯಾರು ತಾನೇ ಅಳೀತಾರೆ?

ಇದನ್ನು ಸರಿಮಾಡಲು ಮಾಮೂಲಿ ಮದ್ದು ಅಂಗಡಿಯದು. ರಂಜಕಕ್ಕೆ ಆಲಂ ಅಥವಾ ಫೆರಿಕ್ ಕ್ಲೋರೈಡ್ ಸುರಿ. ಸಾರಜನಕಕ್ಕೆ ಮೆಥನಾಲ್ ಅಥವಾ ಅಸಿಟೇಟ್ ಕೊಂಡು ತಂದು ಸುರಿ. ಮೆಥನಾಲ್ ಯಾಕೆ ಅಂತ ಕೇಳಿದರೆ ಉತ್ತರ ಸ್ವಲ್ಪ ತಮಾಷೆಯಾಗಿದೆ. ನೈಟ್ರೇಟನ್ನು ಗಾಳಿಯ ಸಾರಜನಕವಾಗಿ ಬಿಡಿಸೋ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಇಲ್ಲದ ಜಾಗ ಬೇಕು, ತಿನ್ನೋಕೆ ಇಂಗಾಲ ಬೇಕು. ಕೊಳಚೆ ನೀರಲ್ಲಿ ಇಂಗಾಲ ಧಾರಾಳವಾಗಿ ಇತ್ತು. ಅದನ್ನು ನಾವೇ ಬ್ಲೋವರ್ ಹಾಕಿ, ಕರೆಂಟ್ ಬಿಲ್ ಕಟ್ಟಿ, ಸುಟ್ಟು ಹಾಕಿದೆವು. ಆಮೇಲೆ ಅಯ್ಯೋ ಇಂಗಾಲ ಸಾಲಲ್ಲ ಅಂತ ಡ್ರಮ್ಮುಗಟ್ಟಲೆ ಕೊಂಡು ತರ್ತೀವಿ. ಮನೆಯ ಅನ್ನ ಚೆಲ್ಲಿ ಹೋಟೆಲಿಗೆ ಹೋದ ಹಾಗೆ.

ಸುಡದೇ ಉಳಿದ ಇಂಗಾಲ ಎಲ್ಲಿದೆ? ನಾವು ಫಿಲ್ಟರ್ ಪ್ರೆಸ್ಸಿಗೆ ಕಳಿಸ್ತಿರೋ ಕೆಸರಲ್ಲಿ, ಬ್ಯಾಕ್ಟೀರಿಯಾಗಳ ಮೈಯಲ್ಲೇ ಇದೆ. ಆದರೆ ಹಾಗೆ ಹಸಿಯಾಗಿ ಇದ್ದರೆ ಅದು ಯಾರ ಬಾಯಿಗೂ ಹತ್ತೋದಿಲ್ಲ. ಹುದುಗಬೇಕು. ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಹುಳಿ ಬಂದಮೇಲೆ ತಾನೇ ಇಡ್ಲಿ ಆಗೋದು? ಕೆಸರಿನ ಒಂದು ಪಾಲನ್ನು ಗಾಳಿಯಾಡದ ಟ್ಯಾಂಕಿನಲ್ಲಿ ಒಂದೆರಡು ದಿನ ಇಟ್ಟರೆ ಅದರ ದೊಡ್ಡ ದೊಡ್ಡ ಅಣುಗಳು ಒಡೆದು ಸಣ್ಣ ಆಮ್ಲಗಳಾಗುತ್ತವೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ, ಅದರ ಅಣ್ಣ ಪ್ರೊಪಿಯಾನಿಕ್ ಆಮ್ಲ, ಇಂಥವು. ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೊದಲ ಹಂತದಲ್ಲಿ ಆಗೋದೂ ಇದೇ. ಅಲ್ಲಿ ಇನ್ನೂ ಮುಂದೆ ಹೋಗಿ ಮೀಥೇನ್ ಆಗಲಿ ಅಂತ ಕಾಯ್ತೀವಿ, ಇಲ್ಲಿ ಮೀಥೇನ್ ಆಗೋಕೆ ಮೊದಲೇ ತೆಗೆದು ವಾಪಸ್ ಕಳಿಸ್ತೀವಿ. ಹೀಗೆ ಹುದುಗಿಸಿದ ಕೆಸರು ಘಟಕದ ತಲೆಗೆ, ಗಾಳಿಯಿಲ್ಲದ ಭಾಗಕ್ಕೆ, ಮರಳಿ ಬಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತೆ.

ಮೊದಲನೆಯದು ಸಾರಜನಕದ ಕೆಲಸ, ಅದನ್ನು ಆಗಲೇ ಹೇಳಿದೆವು. ಮೆಥನಾಲ್ ಮಾಡೋದನ್ನೇ ಈ ಆಮ್ಲಗಳೂ ಮಾಡುತ್ತವೆ, ಬಿಟ್ಟಿಯಾಗಿ. ಎರಡನೆಯದು ರಂಜಕದ್ದು, ಅದೇ ಹೆಚ್ಚು ಸ್ವಾರಸ್ಯ. ಕೆಲವು ಬ್ಯಾಕ್ಟೀರಿಯಾಗಳು ಗಾಳಿಯಿಲ್ಲದ ಜಾಗದಲ್ಲಿ ಈ ಆಮ್ಲಗಳನ್ನು ಗಬಗಬ ತಿಂದು ಒಳಗೆ ಕೊಬ್ಬಿನ ಹಾಗೆ ಕೂಡಿಟ್ಟುಕೊಳ್ಳುತ್ತವೆ. ತಿನ್ನಲು ಬೇಕಾದ ಶಕ್ತಿಗೆ ತಮ್ಮೊಳಗಿನ ಫಾಸ್ಫೇಟನ್ನು ಒಡೆದು ನೀರಿಗೆ ಬಿಡುತ್ತವೆ. ಹಾಗಾಗಿ ಅಲ್ಲಿ ಸ್ಯಾಂಪಲ್ ತೆಗೆದರೆ ರಂಜಕ ಇಳಿಯೋ ಬದಲು ಏರಿರುತ್ತೆ! ಹೆದರಬೇಡಿ. ಮುಂದೆ ಗಾಳಿ ಸಿಕ್ಕ ಕೂಡಲೇ ಅವು ಕೂಡಿಟ್ಟಿದ್ದನ್ನು ಸುಟ್ಟು, ಕೊಟ್ಟ ಫಾಸ್ಫೇಟನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತವೆ. ಬಡ್ಡಿಯೇ ನಮ್ಮ ಲಾಭ. ಇಂಥ ಬ್ಯಾಕ್ಟೀರಿಯಾ ಹೆಚ್ಚಾದ ಕೆಸರಲ್ಲಿ ರಂಜಕ ಶೇ. 2 ಅಲ್ಲ, ಶೇ. 5ರಿಂದ 7ರವರೆಗೆ ಏರುತ್ತೆ. ಮೇಲಿನ ಲೆಕ್ಕಕ್ಕೇ ವಾಪಸ್ ಹೋಗಿ: ಅದೇ 22.5 ಗ್ರಾಂ ಕೆಸರು, ಶೇ. 5 ಅಂದರೆ 1.1 ಗ್ರಾಂ ರಂಜಕ ಹೊರಗೆ, ನೀರಲ್ಲಿ ಉಳಿಯೋದು ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ. ಶೇ. 6.5 ಮುಟ್ಟಿಸಿದರೆ 1ರ ಒಳಗೆ. ಒಂದು ಚಮಚ ಆಲಂ ಹಾಕದೇನೆ.

ಇದು ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಆಫ್ರಿಕಾದ ಜೇಮ್ಸ್ ಬರ್ನಾರ್ಡ್ 1970ರ ದಶಕದ ಆರಂಭದಲ್ಲಿ ಪ್ರಿಟೋರಿಯಾದ ಒಂದು ಪೈಲಟ್ ಘಟಕದಲ್ಲಿ ಸಾರಜನಕ ತೆಗೆಯಲು ಹೊರಟಿದ್ದರು. ಗಾಳಿಯಿಲ್ಲದ ಭಾಗದಿಂದ ಹಾದುಹೋದ ಕೆಸರು ರಂಜಕವನ್ನೂ ಹೀರಿದ್ದು ಕಂಡು ಅದರ ಬೆನ್ನುಹತ್ತಿದರು. 2011ರಲ್ಲಿ ಸಿಂಗಪುರದ ಲೀ ಕ್ವಾನ್ ಯೂ ಜಲ ಪ್ರಶಸ್ತಿ ಬಂದಿದ್ದು ಈ ಕೆಲಸಕ್ಕೇ. ಕೆನಡಾದ ಕೆಲೋನಾ ಊರಿನವರು ತಮ್ಮ ಓಕನಾಗನ್ ಸರೋವರ ಉಳಿಸಿಕೊಳ್ಳಲು 1980ರ ದಶಕದಲ್ಲೇ ಈ ದಾರಿ ಹಿಡಿದರು. ಅಲ್ಲಿ ಹುದುಗಿಸೋದು ಮೊದಲ ಹಂತದಲ್ಲಿ ತಳ ಸೇರುವ ಹಸಿ ಕೆಸರನ್ನು. ಡೆನ್ಮಾರ್ಕ್‌ನ ಕೆಲವು ಘಟಕಗಳಲ್ಲಿ, ಅಮೆರಿಕದಲ್ಲೂ, ವಾಪಸ್ ಬರುವ ಕೆಸರಿನ ಒಂದು ಸಣ್ಣ ಪಾಲನ್ನೇ ಪಕ್ಕದ ಟ್ಯಾಂಕಿನಲ್ಲಿ ಹುದುಗಿಸುತ್ತಾರೆ. ನಮ್ಮ ಕ್ಯಾಂಪಸ್ ಎಸ್‌ಟಿಪಿಗಳಲ್ಲಿ ಮೊದಲ ಹಂತದ ಸೆಟ್ಲಿಂಗ್ ಟ್ಯಾಂಕೇ ಇರುವುದಿಲ್ಲ, ಆದ್ದರಿಂದ ಈ ಎರಡನೇ ದಾರಿ ನಮಗೆ ಸರಿಹೊಂದುತ್ತೆ.

ಎಷ್ಟು ದೊಡ್ಡ ಟ್ಯಾಂಕ್ ಬೇಕು? 2000 ಜನರ ಹಾಸ್ಟೆಲ್ ಅಂದ್ರೆ ದಿನಕ್ಕೆ 270 ಸಾವಿರ ಲೀಟರ್. ವಾಪಸ್ ಬರುವ ಕೆಸರಿನ ಹರಿವು 200 ಸಾವಿರ ಅಂತಿಟ್ಟುಕೊಂಡು ಅದರಲ್ಲಿ ಶೇ. 5 ಮಾತ್ರ ಪಕ್ಕಕ್ಕೆ ತಿರುಗಿಸಿದರೆ ದಿನಕ್ಕೆ 10 ಸಾವಿರ ಲೀಟರ್. ಒಂದೂವರೆ ದಿನ ಹುದುಗಬೇಕಾದರೆ 15 ಸಾವಿರ ಲೀಟರ್ ಜಾಗ. ಅಂದರೆ 5000 ಲೀಟರಿನ ಮೂರು ಸಿಂಟೆಕ್ಸ್ ಟ್ಯಾಂಕು, ಒಂದು ಸಣ್ಣ ಪಂಪು, ಆಗಾಗ ಕಲಕೋಕೆ ಒಂದು ಮಿಕ್ಸರು. ಟೆಕ್ ಫೆಸ್ಟ್‌ನ ಸ್ಟೇಜು ಲೈಟಿಗೆ ಸುರಿಯೋ ದುಡ್ಡಿನ ಮುಂದೆ ಇದೇನು ಮಹಾ.

ಅಡ್ಡಿಗಳಿಲ್ಲ ಅಂತ ನಾವು ಹೇಳ್ತಿಲ್ಲ. ಕೆಸರು ಹುದುಗುವಾಗ ಆಮ್ಲದ ಜೊತೆ ಅಮೋನಿಯಾ, ಫಾಸ್ಫೇಟ್ ಕೂಡ ಬಿಡುತ್ತೆ. ಅದೂ ಘಟಕದ ತಲೆಗೇ ಬರುತ್ತೆ. ಹೆಚ್ಚು ದಿನ ಇಟ್ಟಷ್ಟೂ ಒಳ್ಳೆಯದು ಅಂದುಕೊಂಡರೆ ಕೆಟ್ಟಿತು. ವಾಪಸ್ ಬರುವ ಕೆಸರಲ್ಲಿ ನೈಟ್ರೇಟ್ ಇದ್ದರೆ, ಆಮ್ಲವನ್ನೆಲ್ಲ ಮೊದಲು ಅದೇ ನುಂಗಿ ಹಾಕುತ್ತೆ, ರಂಜಕದ ಬ್ಯಾಕ್ಟೀರಿಯಾಗೆ ಏನೂ ಉಳಿಯಲ್ಲ. ಹಾಸ್ಟೆಲ್‌ಗಳಿಗೆ ಇನ್ನೊಂದು ತಾಪತ್ರಯ ಇದೆ: ರಜೆ. ಸೆಮಿಸ್ಟರ್ ಮುಗಿದು ಎಲ್ಲರೂ ಊರಿಗೆ ಹೋದರೆ ಬ್ಯಾಕ್ಟೀರಿಯಾಗಳಿಗೆ ಉಪವಾಸ, ವಾಪಸ್ ಬಂದ ಮೊದಲ ವಾರ ಅಜೀರ್ಣ. ಮತ್ತೆ, 2000 ಜನರ ರಂಜಕ ತೆಗೆಯೋಕೆ ಬೇಕಾದ ಅಷ್ಟೂ ಆಮ್ಲ ಈ ಮೂರು ಟ್ಯಾಂಕಿಂದಲೇ ಬರುತ್ತೆ ಅನ್ನೋ ಭ್ರಮೆಯೂ ಬೇಡ. ಒಳಗೆ ಬರುವ ಕೊಳಚೆ ನೀರಲ್ಲೇ ಇರುವ ಆಮ್ಲದ ಜೊತೆ ಇದು ಸೇರಿ ಕೊರತೆ ತುಂಬಬೇಕು.

ಇವೆಲ್ಲಕ್ಕಿಂತ ದೊಡ್ಡ ವಿಷಯ ಬೇರೆ. ಗಾಳಿಯಿಲ್ಲದ ಕೆಸರಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತೆ. ಕೊಳೆತ ಮೊಟ್ಟೆ ವಾಸನೆ ಅಂತ ಕೆಮಿಸ್ಟ್ರಿಯಲ್ಲಿ ಓದಿದ್ದೇವೆ. ಪ್ರಮಾಣ ಹೆಚ್ಚಾದರೆ ಮೂಗು ಸತ್ತುಹೋಗಿ ಆ ವಾಸನೆಯೂ ಗೊತ್ತಾಗಲ್ಲ. ಎಸ್‌ಟಿಪಿ ಗುಂಡಿಗೆ ಇಳಿದ ಕೆಲಸಗಾರರು ಸತ್ತ ಸುದ್ದಿ ಬೆಂಗಳೂರಿನಿಂದ ಎಷ್ಟೋ ಸಲ ಬಂದಿದೆ. ಒಬ್ಬರು ಇಳಿದು ಬಿದ್ದರು, ಅವರನ್ನು ಎತ್ತೋಕೆ ಇಳಿದ ಇನ್ನೊಬ್ಬರೂ ಬಿದ್ದರು, ಸುದ್ದಿ ಬಹಳ ಸಲ ಹೀಗೇ ಇರುತ್ತೆ. ಇಂಥ ಗುಂಡಿಗಳಿಗೆ ಸುರಕ್ಷಾ ಸಾಧನವಿಲ್ಲದೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಹುದುಗಿಸೋ ಟ್ಯಾಂಕ್ ನೆಲದ ಮೇಲೇ ಇರಬೇಕು, ಬೇಸ್‌ಮೆಂಟಿನಲ್ಲಿ ಕೂಡದು. ತಳದಲ್ಲಿ ವಾಲ್ವ್ ಇಟ್ಟು ಹೊರಗಿಂದಲೇ ಖಾಲಿ ಮಾಡೋ ಹಾಗಿರಬೇಕು. ಗಾಳಿ ಹೊರಹೋಗೋ ಪೈಪು ಎತ್ತರಕ್ಕಿರಬೇಕು, ಪಕ್ಕದಲ್ಲಿ ಗ್ಯಾಸ್ ಮೀಟರ್ ಇರಬೇಕು. ಇಷ್ಟು ಆಗಲ್ಲ ಅನ್ನೋದಾದರೆ ನಮ್ಮ ಲೇಖನವನ್ನು ಇಲ್ಲಿಗೇ ಬಿಟ್ಟು ಆಲಂ ಹಾಕಿಕೊಂಡಿರಿ. ಕೆರೆ ಉಳಿಸಲು ಒಬ್ಬ ಆಪರೇಟರ್ ಅಣ್ಣನ ಜೀವ ಪಣಕ್ಕಿಡೋ ಯಾವ ಟೆಕ್ನಾಲಜಿಯೂ ನಮಗೆ ಬೇಡ.

ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಬೇಕು. ಕೆಸರನ್ನು ಮರುಬಳಸಿ ಅಂದ ಕೂಡಲೇ, ಹಾಗಾದರೆ ಹೊರಗೆ ಹಾಕೋದೇ ಬೇಡವಲ್ಲ, ಟ್ರ್ಯಾಕ್ಟರ್ ಬಾಡಿಗೆ ಉಳೀತು ಅಂತ ಲೆಕ್ಕ ಹಾಕೋರು ಇದ್ದಾರೆ. ಸಾರಜನಕಕ್ಕೆ ಆಕಾಶ ಇದೆ, ಅನಿಲವಾಗಿ ಹಾರಿಹೋಗುತ್ತೆ. ರಂಜಕಕ್ಕೆ ಹಾರೋಕೆ ರೆಕ್ಕೆ ಇಲ್ಲ. ಅದು ನೀರಲ್ಲಿರಬೇಕು ಅಥವಾ ಕೆಸರಲ್ಲಿರಬೇಕು. ಕೆಸರಿಗೆ ತುಂಬಿಸಿದ ಮೇಲೆ ಆ ಕೆಸರನ್ನು ಹೊತ್ತು ಹೊತ್ತಿಗೆ ಹೊರತೆಗೆಯಲೇಬೇಕು, ಅದೂ ಬೇಗ. ಟ್ಯಾಂಕಲ್ಲೇ ಕೊಳೆಯೋಕೆ ಬಿಟ್ಟರೆ ಹೀರಿದ್ದನ್ನೆಲ್ಲ ಕಕ್ಕಿಬಿಡುತ್ತೆ. ಹೊರತೆಗೆದದ್ದನ್ನು ಚೆನ್ನಾಗಿ ಒಣಗಿಸಿ, ಕಾಂಪೋಸ್ಟ್ ಮಾಡಿ, ರೋಗಾಣು ಪರೀಕ್ಷೆ ಆದಮೇಲೆ ಕ್ಯಾಂಪಸ್ಸಿನ ಗಿಡಮರಗಳಿಗೆ ಹಾಕಬಹುದು. ನಾವು ಹೊರದೇಶದಿಂದ ದುಡ್ಡು ಕೊಟ್ಟು ತರಿಸೋ ಡಿಎಪಿಯಲ್ಲಿ ಇರೋದೂ ಇವೇ ಎರಡು, ಸಾರಜನಕ ಮತ್ತು ರಂಜಕ.

ಕೋಲಾರದ ಕಡೆಯ ಗೆಳೆಯರಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯ ನೀರು, ಎರಡನೇ ಹಂತದವರೆಗೆ ಮಾತ್ರ ಶುದ್ಧವಾದದ್ದು, ಅವರ ಕೆರೆಗಳಿಗೆ ಹರೀತಾ ಇದೆ. ದಿನಕ್ಕೆ 440 ದಶಲಕ್ಷ ಲೀಟರ್ ಕೊಡಬೇಕು ಅನ್ನೋದು ಯೋಜನೆಯ ಗುರಿ. ಒಣಗಿದ್ದ ಕೆರೆ ತುಂಬಿದ್ದು, ಬತ್ತಿದ್ದ ಬೋರ್‌ವೆಲ್‌ಗೆ ನೀರು ಬಂದಿದ್ದು ಸಣ್ಣ ಮಾತಲ್ಲ, ಅದನ್ನು ಹಗುರವಾಗಿ ಟೀಕೆ ಮಾಡೋಕೆ ನಮಗೆ ಬಾಯಿ ಬರಲ್ಲ. ಆದರೆ ಆ ಕೆರೆಗಳಿಂದ ಇಂಗೋ ನೀರು ಹೋಗಿ ಸೇರೋದು ಜನ ಕುಡಿಯೋ ಅಂತರ್ಜಲಕ್ಕೆ, ಕುಡಿಯೋ ನೀರಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಅಲ್ಲಿನ ಜನ ಕೇಳ್ತಾ ಬಂದಿರೋದು ಇದಕ್ಕೇ. ಅಷ್ಟು ದೊಡ್ಡ ಘಟಕಗಳಿಗೆ ದುಡ್ಡು, ಜಾಗ, ಟೆಂಡರ್ ಎಲ್ಲಾ ಆಗಬೇಕು, ಒಪ್ತೀವಿ. ಅಲ್ಲಿವರೆಗೆ ಇರೋ ಟ್ಯಾಂಕುಗಳಲ್ಲೇ ಒಂದು ಭಾಗದ ಗಾಳಿ ನಿಲ್ಲಿಸಿ, ಕೆಸರು ಹುದುಗಿಸಿ, ಸಾರಜನಕ ರಂಜಕ ಎಷ್ಟು ಇಳಿಯುತ್ತೆ ಅಂತ ನೋಡೋಕೆ ಏನು ಅಡ್ಡಿ? ಆ ಪ್ರಯೋಗಕ್ಕೆ ಅಂಕಿಅಂಶ ಒದಗಿಸೋಕೆ ಹಾಸ್ಟೆಲ್ ಎಸ್‌ಟಿಪಿಗಿಂತ ಒಳ್ಳೆ ಲ್ಯಾಬ್ ಎಲ್ಲಿದೆ?

ನಮ್ಮಲ್ಲಿ ಪ್ರತಿವರ್ಷ ಫೈನಲ್ ಇಯರ್‌ನಲ್ಲಿ ಎಸ್‌ಟಿಪಿ ಮೇಲೆ ಒಂದಾದರೂ ಪ್ರಾಜೆಕ್ಟ್ ಇರುತ್ತೆ. ಸ್ಯಾಂಪಲ್ ತರ್ತಾರೆ, 27 ಡಿಗ್ರಿಯಲ್ಲಿ ಮೂರು ದಿನ ಬಿಓಡಿ ಬಾಟಲ್ ಇಡ್ತಾರೆ, ಪಿಹೆಚ್ ನೋಡ್ತಾರೆ, ‘ಘಟಕ ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ’ ಅಂತ ಬೈಂಡ್ ಹಾಕಿಸ್ತಾರೆ. ಸ್ಪೆಕ್ಟ್ರೋಫೋಟೋಮೀಟರ್ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿರುತ್ತೆ. ಫಾಸ್ಫೇಟು, ನೈಟ್ರೇಟು ಎರಡನ್ನೂ ಅದರಲ್ಲೇ ಅಳೆಯಬಹುದು.

ನಾವು ಕೇಳ್ತಿರೋದು ಇಷ್ಟು. ಈ ಸೆಮಿಸ್ಟರ್ ಮೊದಲು ಅಳತೆ: ಒಳಬರುವ ನೀರು, ಹೊರಹೋಗುವ ನೀರು, ವಾಪಸ್ ಬರುವ ಕೆಸರು, ಮೂರು ಕಡೆ ವಾರಕ್ಕೆರಡು ಸಲ ಸಾರಜನಕ ಮತ್ತು ರಂಜಕ. ಇದನ್ನು ಸಿವಿಲ್‌ನವರು ನೋಡಿಕೊಳ್ಳಲಿ. ಆಮೇಲೆ 1000 ಲೀಟರಿನ ಒಂದೇ ಟ್ಯಾಂಕಿನಲ್ಲಿ ಕೆಸರು ಹುದುಗಿಸಿ, ದಿನಕ್ಕೆಷ್ಟು ಆಮ್ಲ ಬರುತ್ತೆ, ಎಷ್ಟನೇ ದಿನಕ್ಕೆ ನಿಲ್ಲಿಸಬೇಕು ಅಂತ ಕೆಮಿಕಲ್ ಮತ್ತು ಬಯೋಟೆಕ್‌ನವರು ಕಂಡುಹಿಡೀಲಿ. ಓಆರ್‌ಪಿ ಸೆನ್ಸರ್ ಹಾಕಿ ಬ್ಲೋವರ್ ಯಾವಾಗ ನಿಲ್ಲಬೇಕು, ಯಾವಾಗ ಓಡಬೇಕು ಅಂತ ಹೇಳಿಸೋದು ಇಸಿಯವರ ಕೆಲಸ. ಎಸ್‌ಟಿಪಿ ಆಪರೇಟರ್ ಅಣ್ಣನನ್ನು ಮೊದಲ ಮೀಟಿಂಗಿಗೇ ಕರೆಯಬೇಕು. ಯಾವ ಪಂಪು ಎಷ್ಟು ಹೊತ್ತಿಗೆ ಕೈಕೊಡುತ್ತೆ ಅನ್ನೋದು ಡ್ರಾಯಿಂಗ್ ಶೀಟಿನಲ್ಲಿ ಇರಲ್ಲ, ಅವರ ತಲೆಯಲ್ಲಿದೆ. ಟ್ಯಾಂಕ್ ಇಡೋ ಜಾಗ ಮಾತ್ರ ಗಾಳಿ ಬೀಸೋ ದಿಕ್ಕು ನೋಡಿ ಆರಿಸಿ, ಮೆಸ್ ಕಡೆ ವಾಸನೆ ಹೊಡೆದರೆ ಮರುದಿನವೇ ಪ್ರಾಜೆಕ್ಟಿಗೆ ಬೀಗ.